ಅರ್ಜಿಯ ನಾಲ್ಕನೆಯ ಸಾಲು

ರಾಜ್ಯ ಸರ್ಕಾರದ ಕಲಾ ಪ್ರಶಸ್ತಿಗೆ, ಹೊರನಾಡ ಕನ್ನಡಿಗರ ವಿಭಾಗದಲ್ಲಿ ನನ್ನ ಹೆಸರು ಬಹುತೇಕ ಗಟ್ಟಿಯಾಗಿದೆ ಎಂದು ಬೆಂಗಳೂರಿನಿಂದ ಫೋನ್ ಬಂದಾಗ ನಾನು ಮುಂಬಯಿಯ ಮಲಾಡ್ ಸ್ಟೇಶನ್ನಿನ ಹೊರಗೆ ಮೆಂತೆಸೊಪ್ಪು ಆರಿಸುತ್ತಿದ್ದೆ. ನಾನು ಅರ್ಜಿಯನ್ನೇ ಹಾಕಿರಲಿಲ್ಲ. ಹಾಗೆಂದೆ.

"ನಿಮ್ಮ ಪರವಾಗಿ ಬಂದಿದೆ ಮೇಡಂ. ಕಳಿಸ್ತೀನಿ, ಓದಿ ಸಹಿ ಮಾಡಿ ಕೊಡಿ," ಎಂದಳು ಕಚೇರಿಯ ಹುಡುಗಿ.

ನನ್ನ ಪರವಾಗಿ ಅರ್ಜಿ ಹಾಕಿದವರು ನಮ್ಮ ಭಾಗದ ಕನ್ನಡ ಸಂಘದ ಅಧ್ಯಕ್ಷರು. ಅದರಲ್ಲಿ ನನ್ನ ಬಗ್ಗೆ ಬರೆದಿತ್ತು: ಧಾರವಾಡದವಳು, ವಿಮಾ ಕಚೇರಿಯಲ್ಲಿ ನೌಕರಿ, ಮೂವತ್ತು ವರ್ಷಗಳಿಂದ ಹೆಂಗಸರ ನಾಟಕ ತಂಡ ನಡೆಸುತ್ತಿದ್ದಾಳೆ. ಅಲ್ಲಿಯವರೆಗೆ ಎಲ್ಲ ಸರಿ. ನಾಲ್ಕನೆಯ ಸಾಲಿನಲ್ಲಿ, ನಾನು ತಂಡ ಕಟ್ಟಿದ್ದು ಅಧ್ಯಕ್ಷರ ಪ್ರೇರಣೆಯಿಂದ, ಅವರ ಮಾರ್ಗದರ್ಶನದಲ್ಲಿ ಎಂದಿತ್ತು.

ತಂಡ ಕಟ್ಟಿದ್ದು ನಾನು ಮತ್ತು ನಮ್ಮ ಚಾಳಿನ ಎದುರು ಖೋಲಿಯ ಉಡುಪಿಯ ಅಕ್ಕ. ಅವಳ ಗಂಡ ಗ್ರಾಂಟ್ ರೋಡಿನ ಹೋಟೆಲಿನಲ್ಲಿ ಅಡುಗೆಯವನು. ರವಿವಾರ ಮಧ್ಯಾಹ್ನ ಪಾತ್ರೆ ತೊಳೆದಿಟ್ಟು ಪ್ಯಾಸೇಜಿನಲ್ಲಿ ತಾಲೀಮು ಮಾಡುತ್ತಿದ್ದೆವು. ಮೊದಲ ನಾಟಕಕ್ಕೆ ಸಂಘದ ಹಾಲ್ ಕೇಳಲು ಹೋದಾಗ, ಆಗಿನ್ನೂ ಕಾರ್ಯದರ್ಶಿಯಾಗಿದ್ದ ಈ ಅಧ್ಯಕ್ಷರೇ, "ಗಂಡಸರ ಪಾತ್ರ ಯಾರು ಮಾಡ್ತಾರೆ?" ಎಂದು ಕೇಳಿದ್ದರು. ನಾವೇ ಎಂದಾಗ ನಕ್ಕು, "ಅರಿಶಿನ ಕುಂಕುಮದ ದಿನ ಏನಾದ್ರೂ ಹಾಡು ಹೇಳಿ, ಸಾಕು," ಎಂದು ಕಳಿಸಿದ್ದರು. ಆ ನಾಟಕ ಒಂದು ಬಿಲ್ಡಿಂಗಿನ ಟೆರೇಸಿನ ಮೇಲೆ ಆಯಿತು. ಅಕ್ಕ ತೀರಿಕೊಂಡು ಆರು ವರ್ಷ. ಅರ್ಜಿಯಲ್ಲಿ ಅವಳ ಸುಳಿವೇ ಇರಲಿಲ್ಲ.

ಅಧ್ಯಕ್ಷರಿಗೆ ಫೋನ್ ಮಾಡಿದೆ. "ಆ ಸಾಲು ತಗೀರಿ. ಅಲ್ಲೆ ಅಕ್ಕನ ಹೆಸರು ಬರೀರಿ."

"ಅದು ಫಾರ್ಮ್ಯಾಲಿಟಿ ಮೇಡಂ. ತೀರಿಹೋದವರಿಗೆ ಪ್ರಶಸ್ತಿ ಕೊಡ್ತಾರಾ?"

"ಪ್ರಶಸ್ತಿ ಮಾತಲ್ಲರಿ. ಸುಳ್ಳಿಗೆ ನಾ ಸಹಿ ಹಾಕೂದಿಲ್ಲ."

"ನಮ್ಮ ಶಿಫಾರಸು ಹಿಂದಕ್ಕೆ ತಗೊಂಡ್ರೆ ನಿಮ್ಮ ಹೆಸರೇ ಹೋಗ್ತದೆ."

"ಹೋಗ್ಲಿ."

ಝೆರಾಕ್ಸ್ ಅಂಗಡಿಯಲ್ಲಿ ಅರ್ಜಿಯ ಪ್ರಿಂಟ್ ತೆಗೆಸಿ, ಆ ಸಾಲನ್ನು ಪೆನ್ನಿನಿಂದ ಹೊಡೆದು, ಮೇಲೆ ಅಕ್ಕನ ಹೆಸರು ಬರೆದು, ಸಹಿ ಮಾಡಿ ಬೆಂಗಳೂರಿಗೆ ಕಳಿಸಿದೆ. ಸಂಘ ಒಪ್ಪದೆ ತಿದ್ದಿದ ಅರ್ಜಿ ನಡೆಯುವುದಿಲ್ಲ ಎಂದು ಹುಡುಗಿ ಫೋನಿನಲ್ಲಿ ಸಂಕೋಚದಿಂದಲೇ ಹೇಳಿದಳು.

ಧಾರವಾಡದಲ್ಲಿ ನನ್ನ ತಂಗಿ ಅಷ್ಟರಲ್ಲಿ ಇಡೀ ಓಣಿಗೆ ಸುದ್ದಿ ಮುಟ್ಟಿಸಿದ್ದಳು. "ಒಂದ್ ಸಾಲಿಗೆ ಇಷ್ಟ್ಯಾಕ ಹಟ ಮಾಡ್ತಿ ಅಕ್ಕಾ?" ಎಂದು ಅತ್ತಳು. ನನ್ನ ಹೆಸರಿಲ್ಲದ ಪ್ರಶಸ್ತಿ ಪಟ್ಟಿ ಪೇಪರಿನಲ್ಲಿ ಬಂದ ದಿನ ನನಗೂ ಹೊಟ್ಟೆ ಉರಿಯಿತು. ಇಲ್ಲವೆಂದರೆ ಅದೂ ಸುಳ್ಳಾದೀತು. ಆದರೆ ಆ ಕಾಗದ ಮತ್ತೆ ಕೈಗೆ ಬಂದರೂ ಆ ಸಾಲನ್ನು ಹೊಡೆದೇ ಹಾಕುತ್ತೇನೆ.

ಈಚಿನ ವರ್ಷಗಳಲ್ಲಿ ತಾಲೀಮಿಗೆ ಸಂಘದ ಹಾಲ್ ಸಿಗುತ್ತಿತ್ತು; ಆಮೇಲೆ ಅದನ್ನು ಕೊಡುವುದನ್ನೂ ನಿಲ್ಲಿಸಿದರು. ಈಗ ಬೈಕುಲ್ಲಾದ ಒಂದು ಶಾಲೆಯಲ್ಲಿ ತಾಲೀಮು. ಹದಿಮೂರು ಹೆಂಗಸರು ಲೋಕಲ್ ಹಿಡಿದು ಬರುತ್ತೇವೆ. ಕಿರಿಯರು ಕೆಲವರು ಕನ್ನಡದ ಮಾತುಗಳನ್ನು ಹಿಂದಿ ಅಕ್ಷರದಲ್ಲಿ ಬರೆದುಕೊಂಡು ಬಾಯಿಪಾಠ ಮಾಡುತ್ತಾರೆ. ಮುಂದಿನ ತಿಂಗಳು ಪ್ರಯೋಗ. ಅಧ್ಯಕ್ಷರು ನೋಡಬೇಕೆಂದಿದ್ದರೆ ಟಿಕೆಟ್ ತೆಗೆದುಕೊಂಡು ಬರಲಿ.