ನಾಕೇಂ ತೆಲೀದು ಅಂದ ನಾರಾಯಣಪ್ಪ ಮೇಷ್ಟ್ರು

ಸಾವಿನ ಮನೆಗೆ ಹೋದಾಗಲೂ ನಾರಾಯಣಪ್ಪ ಮೇಷ್ಟ್ರು ಬೆಲೆ ಕೇಳದೆ ಬರುತ್ತಿರಲಿಲ್ಲ. ಮುಳಬಾಗಿಲಿನಲ್ಲಿ ಒಮ್ಮೆ ಹೀಗೇ ಮಾತಾಡಿಸಲು ಹೋದವರು, ತಂದೆಯನ್ನು ಕಳೆದುಕೊಂಡ ಮಗನ ಹೆಗಲ ಮೇಲೆ ಕೈಯಿಟ್ಟರು. ಆಮೇಲೆ ಮೆಲ್ಲಗೆ, "ಯುಗಾದಿ ಹೊತ್ತಿಗೆ ಬೇಳೆ ಏನಾಗಬೌದು ಅಂತೀಯಪ್ಪ?" ಎಂದರು. ಪಕ್ಕದಲ್ಲಿದ್ದ ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆ ಮಗ ಕಣ್ಣೊರೆಸಿಕೊಂಡು, ಏರುತ್ತೆ ಸಾರ್, ತಿಥಿ ಸಾಮಾನು ಈಗಲೇ ತಂದಿಟ್ಟುಬಿಟ್ಟಿದ್ದೀವಿ ಎಂದ. ಬೆಲೆ ಅಂಗಡಿಯಲ್ಲಿ ಏರುವುದಕ್ಕೆ ಮೊದಲು ಮನಸ್ಸಿನಲ್ಲಿ ಏರುತ್ತದೆ ಎನ್ನುವುದು ಮೇಷ್ಟ್ರು ಜೀವಮಾನವಿಡೀ ಹೇಳಿದ ಪಾಠ. ಪುರಾವೆ ಸಿಕ್ಕ ಖುಷಿಯನ್ನು ಆ ಮನೆಯಲ್ಲಿ ಮುಖದ ಮೇಲೆ ತೋರಿಸದಿರಲು ಅವರು ಬಹಳ ಕಷ್ಟಪಟ್ಟರು.

ಗೌನಿಪಲ್ಲಿ ಕಡೆಯ ಮಾವಿನ ತೋಟದ ಮನೆಯಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಅರ್ಥಶಾಸ್ತ್ರದ ಪ್ರೊಫೆಸರ್ ಆದವರು ಅವರು. ಜನರ ಆಸೆ, ಭಯ, ಪಕ್ಕದ ಮನೆಯವರನ್ನು ನೋಡಿ ತಾವೂ ಹಾಗೇ ಮಾಡುವ ಚಾಳಿ, ಇವೆಲ್ಲ ಸೇರಿ ದೇಶದ ಬೆಲೆಯನ್ನೂ ಬಡ್ಡಿಯನ್ನೂ ಹೇಗೆ ಅಲ್ಲಾಡಿಸುತ್ತವೆ ಎಂಬುದು ಅವರ ಸಂಶೋಧನೆ. ಬಡ್ಡಿ ದರದ ಬಗ್ಗೆ ಸಲಹೆ ಕೊಡುವ ಸಮಿತಿಯೊಂದರ ಸಭೆಗೆ ಮುಂಬಯಿಗೆ ವಿಮಾನದಲ್ಲಿ ಹೋಗಿ ಬರುತ್ತಿದ್ದರು. ನಾನು ಅವರ ಪಿಎಚ್‌ಡಿ ವಿದ್ಯಾರ್ಥಿನಿ, ನಂಗಲಿಯಲ್ಲಿ ಲಾರಿ ಡ್ರೈವರುಗಳಿಗೆ ಇಡ್ಲಿ ಹಾಕುತ್ತಿದ್ದ ಹೋಟೆಲಿನವರ ಮಗಳು. ಅವರಿಂದ ಕಲಿತ ವಿದ್ಯೆಯಲ್ಲೇ ಈಗ ನನ್ನ ಸಂಬಳ ನಡೆಯುತ್ತದೆ. ಟೊಮೆಟೊ ಬೆಲೆ ಇನ್ನು ಇಳಿಮುಖ ಎಂದು ನಾನು ಪತ್ರಿಕೆಗೆ ಬರೆದ ವಾರ ನಮ್ಮ ಮನೆಯ ಸಾರಿಗೆ ಹುಣಸೆಹಣ್ಣೇ ಗತಿಯಾಗಿತ್ತು. ಅಂದಿನಿಂದ ನನ್ನ ಗಂಡ ನನ್ನ ಲೇಖನಗಳನ್ನು ಶ್ರದ್ಧೆಯಿಂದ ಓದಿ, ಅದಕ್ಕೆ ಉಲ್ಟಾ ವ್ಯಾಪಾರ ಮಾಡಿಕೊಂಡು ಬರುತ್ತಾನೆ.

ನನ್ನ ಪ್ರಬಂಧಕ್ಕೆಂದು ಮೇಷ್ಟ್ರು ನನ್ನನ್ನು ತಮ್ಮ ಊರಿಗೇ ಕರೆದುಕೊಂಡು ಹೋದರು. ಆ ಸೀಮೆಯಲ್ಲಿ ತೋಟವನ್ನು ಹೂವಿನ ಮೇಲೇ ಮಾರುವ ವಾಡಿಕೆ. ಮರ ಹೂ ಬಿಟ್ಟಾಗಲೇ ವ್ಯಾಪಾರಿ ಬಂದು ಇಡೀ ಫಸಲಿಗೆ ಬೆಲೆ ಕಟ್ಟುತ್ತಾನೆ. ಮುಂದೆ ಕಾಯಿ ನಿಂತರೂ ಉದುರಿದರೂ ಅವನ ಹಣೆಬರಹ. ಈ ಸಲ ಹಣ್ಣಿನ ಬೆಲೆ ಎಲ್ಲಿಗೆ ಮುಟ್ಟಬಹುದು ಎಂದು ನಾವಿಬ್ಬರೂ ಮನೆಮನೆಗೆ ಹೋಗಿ ಕೇಳಿದೆವು. ದಿನದಿಂದ ದಿನಕ್ಕೆ ಉತ್ತರ ಮೇಲೇರತೊಡಗಿತು. ನಾನು ಹಿಗ್ಗಿ, ಅಧ್ಯಾಯಕ್ಕೆ ಹೆಸರನ್ನೂ ಇಟ್ಟುಬಿಟ್ಟೆ.

ಆಮೇಲೆ ನೋಡಿದರೆ ಊರಲ್ಲಿ ಒಬ್ಬರೂ ತೋಟ ಮಾರುತ್ತಿಲ್ಲ. ಮುಂಬಯಿಗೆ ಹೋಗಿ ಬಡ್ಡಿಯ ಮಾತಾಡುವವನು ಕಾರು ಮಾಡಿಕೊಂಡು ಬಂದು ಮಾವಿನ ಬೆಲೆ ಕೇಳುತ್ತಾನೆ ಎಂದರೆ ಒಳಗೆ ಏನೋ ಇರಲೇಬೇಕು ಎಂದು ಊರು ತೀರ್ಮಾನಿಸಿತ್ತು. ಹಾಗೆ ಮೊದಲು ಕೈ ಕಟ್ಟಿ ಕೂತವರು ಮೇಷ್ಟ್ರ ಸ್ವಂತ ಅಣ್ಣ ಮುನಿಶಾಮಪ್ಪ, ತಾವು ತೋಟ ನೋಡಿಕೊಂಡು ತಮ್ಮನನ್ನು ಓದಿಸಿದವರು. ಕಾದು ಕಾದು ಬೇಸತ್ತ ವ್ಯಾಪಾರಿಗಳು ಮದನಪಲ್ಲಿ ಕಡೆ ಹೊರಡಲು ಸಿದ್ಧರಾದರು. ಒಂದು ಆಲಿಕಲ್ಲು ಮಳೆ ಬಿದ್ದರೆ ಇಡೀ ಊರಿನ ವರ್ಷದ ಅನ್ನ ಹೋಗುತ್ತಿತ್ತು, ಅದೂ ನಮ್ಮ ಪ್ರಶ್ನೆಯಿಂದ.

ಮೇಷ್ಟ್ರು ಮತ್ತೆ ಮನೆಮನೆ ಹತ್ತಿದರು. ಮನೆಮಾತಾದ ತೆಲುಗಿನಲ್ಲಿ ಹೇಳಿದರೆ ನಂಬಿಯಾರೆಂದು, "ನಾಕೇಂ ತೆಲೀದಪ್ಪಾ, ದೇವರಾಣೆಗೂ ನಂಗೇನೂ ಗೊತ್ತಿಲ್ಲ" ಎಂದು ಕೈ ಮುಗಿದರು. ಮುಗಿದಷ್ಟೂ ಜನರ ನಂಬಿಕೆ ಗಟ್ಟಿಯಾಯಿತು. "ಹೇಳಬಾರ್ದು ಅಂತ ಮೇಲಿಂದ ಆರ್ಡರ್ ಇರ್ತದೆ, ಪಾಪ ಅವನೇನ್ ಮಾಡ್ತಾನೆ" ಎಂದು ಅಣ್ಣನೇ ಜಗುಲಿಯಲ್ಲಿ ಕೂತವರಿಗೆ ವಿವರಿಸಿದರು. ನಾನೂ ನನ್ನ ಕೈಲಾದ ಸೇವೆ ಮಾಡಿದೆ. ಹಿಂದಿನ ವರ್ಷಗಳ ಬೆಲೆ ಹೇಗೆ ಏರಿಳಿದಿದೆ ಎಂದು ದೊಡ್ಡ ಹಾಳೆಯಲ್ಲಿ ಗೆರೆ ಎಳೆದು ತೋರಿಸಿದೆ. ಗೆರೆ ಕೊನೆಗೆ ಮೇಲಕ್ಕೇ ಹೋಗಿದೆಯಲ್ಲಮ್ಮ ಎಂದು ಊರವರು ಸಂತೋಷಪಟ್ಟು ಕಾಫಿ ಕೊಟ್ಟರು.

ಕೊನೆಗೆ ಮೇಷ್ಟ್ರು ತಮ್ಮ ಪಾಲಿನ ತೋಟವನ್ನು ಎಲ್ಲರೆದುರು, ವ್ಯಾಪಾರಿ ಹೇಳಿದ ಬೆಲೆಗೇ, ಹೂವಿನ ಮೇಲೆ ಮಾರಿದರು. ಮಾರನೇ ದಿನವೇ ಅಣ್ಣ ಮಾರಿದರು. ವಾರದೊಳಗೆ ಊರೇ ಮಾರಿತು. ನಾವಿಬ್ಬರೂ ಊರು ಉಳಿಸಿದೆವೆಂದು ಬೀಗುತ್ತಾ ಬೆಂಗಳೂರಿಗೆ ಬಂದೆವು. ಆ ವರ್ಷ ಬೇರೆ ಕಡೆಗಳಲ್ಲಿ ಫಸಲು ಕೈಕೊಟ್ಟು, ಶ್ರೀನಿವಾಸಪುರದ ಮಂಡಿಯಲ್ಲಿ ಹಿಂದೆಂದೂ ಕಾಣದ ಬೆಲೆ ಬಂತು. ತಮ್ಮ ಮರದ ಹಣ್ಣು ಬೇರೆಯವರ ಲಾರಿಯಲ್ಲಿ ಹೋಗುವುದನ್ನು ಊರು ನಿಂತು ನೋಡಿತು. ಮುನಿಶಾಮಪ್ಪನವರು ತಮ್ಮನ ಜೊತೆ ಮಾತು ಬಿಟ್ಟರು.

"ಏಮ್ಮಾ, ಬಾಯಲ್ಲಿ ಹೇಳಿದ್ದು ಯಾರೂ ಕೇಳ್ಲಿಲ್ಲ, ಮಾಡಿದ್ದು ಎಲ್ರೂ ನೋಡಿದ್ರು. ಬರ್ಕೋ ಹೋಗು" ಎಂದು ಮೇಷ್ಟ್ರು ನಕ್ಕರು. ಬರೆದೆ. ಪರೀಕ್ಷಕರು ಹೊಗಳಿದರು. ನನಗೆ ಡಾಕ್ಟರೇಟ್ ಬಂತು, ಅವರಿಗೆ ಅಣ್ಣನ ಮಾತು ಹೋಯಿತು.

ನಿವೃತ್ತಿಯ ನಂತರ, ಕಾಯಿಲೆ ಬಿದ್ದ ಮೇಷ್ಟ್ರು ಊರಿಗೇ ಹೋದರು. ಹೋದ ಮಾಗಿಯಲ್ಲಿ ನೋಡಲು ಹೋಗಿದ್ದೆ. ಒಳಗೆ ಮಂಚದ ಮೇಲೆ ಅವರು, ಬಾಗಿಲ ಆಚೆ ಜಗುಲಿಯಲ್ಲಿ ಅಣ್ಣ. ಊಟ ಒಂದೇ ಒಲೆಯದು, ಮಾತು ಮಾತ್ರ ಇಲ್ಲ. ಮೇಷ್ಟ್ರು ಅಣ್ಣನಿಗೆ ಕೇಳುವಷ್ಟು ಗಟ್ಟಿಯಾಗಿ ನನಗೆ ಹೇಳಿದರು:

"ಈ ಸಲ ತೋಟ ಯಾವಾಗ ಮಾರ್ತಾನೆ ಕೇಳಮ್ಮ."

ನಾನು ಬಾಗಿಲಿಗೆ ಬಂದು ಕೇಳಬೇಕಾಗಲಿಲ್ಲ. ಜಗುಲಿಯಿಂದಲೇ ಉತ್ತರ ಬಂತು.

"ಅವನು ಯಾವಾಗ ಮಾರ್ತಾನೋ ಆವಾಗ್ಲೇ ನಾನೂನೂ ಅಂತ ಹೇಳು."

ಮೇಷ್ಟ್ರು ಗೋಡೆಯ ಕಡೆ ಮುಖ ತಿರುಗಿಸಿಕೊಂಡರು. ಒಮ್ಮೆ ಮುಳುಗಿಸಿದವನನ್ನೇ ಮತ್ತೆ ನಂಬುವುದಕ್ಕೆ ನಮ್ಮ ಶಾಸ್ತ್ರದಲ್ಲಿ ಒಳ್ಳೆಯ ಹೆಸರಿಲ್ಲ. ನಾನು ಇಬ್ಬರ ನಡುವೆ ಹೊಸ್ತಿಲ ಮೇಲೆ, ಬಂದ ಅಳುವನ್ನು ಕೆಮ್ಮೆಂದು ತೋರಿಸುತ್ತಾ ನಿಂತಿದ್ದೆ.

ಮಾವು ಹೂ ಬಿಡುವ ಮೊದಲೇ ಮೇಷ್ಟ್ರು ಹೋದರು. ಆ ಸಲ ಎಲೆ ಕಾಣದಷ್ಟು ಹೂ ಬಂತು, ಊರೆಲ್ಲ ಮಾರಿತು. ಮುನಿಶಾಮಪ್ಪನವರ ತೋಟವೂ ಮೇಷ್ಟ್ರ ಪಾಲೂ ಮಾತ್ರ ಹಾಗೇ ಇದ್ದವು. ವ್ಯಾಪಾರಿಗಳು ಬಂದು ಬಂದು ವಾಪಸ್ ಹೋದರು. ಮಾತಾಡಿಸಲು ಹೋದ ನಾನು, ವೃತ್ತಿಯ ಚಟ ಎಲ್ಲಿ ಹೋಗುತ್ತದೆ, ಬೆಲೆ ಏರಲಿ ಎಂದು ಕಾಯುತ್ತಿದ್ದೀರಾ ಎಂದು ಕೇಳಿದೆ.

ಅವರು ತೋಟದ ಕಡೆ ನೋಡುತ್ತಲೇ ಹೇಳಿದರು: "ಅವನಿನ್ನೂ ಮಾರಿಲ್ವಲ್ಲಮ್ಮ."