ಬೋರ್ಡಿನ ಖಾಲಾ

ಅವರ ಬಲಗೈಯ ಕಿರುಬೆರಳು ಉಳಿದ ಬೆರಳುಗಳ ಜೊತೆ ಸೇರುತ್ತಿರಲಿಲ್ಲ. ರೊಟ್ಟಿ ತಟ್ಟುವಾಗಲೂ, ಕೊಡ ಎತ್ತುವಾಗಲೂ, ಮಾತಾಡುತ್ತ ಸೆರಗು ಸರಿಮಾಡಿಕೊಳ್ಳುವಾಗಲೂ ಅದು ಒಂದಿಷ್ಟು ದೂರವೇ ನಿಂತಿರುತ್ತಿತ್ತು. ತುದಿಯಲ್ಲಿ ಹುಣಸೆ ಬೀಜದಂತೆ ಗಟ್ಟಿಯಾದ ಚರ್ಮ, ಅದರ ಸುತ್ತ ತೊಳೆದರೂ ಹೋಗದ ನೀಲಿ. ಬೋರ್ಡು ಬರೆಯುವವರು ಹಸಿ ಬಣ್ಣಕ್ಕೆ ಕೈ ತಾಗದಂತೆ ಆ ಒಂದು ಬೆರಳನ್ನು ಹಲಗೆಗೆ ಊರಿಕೊಂಡು ಕುಂಚ ಎಳೆಯುತ್ತಾರೆ. ಹಾಗೆ ಊರಿ ಊರಿ ಅದು ಬೇರೆಯಾಗಿಬಿಟ್ಟಿತ್ತು.

ನಾವು ಅವರನ್ನು ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆವು. ಊರಿನವರು ಬೋರ್ಡಿನ ಖಾಲಾ ಎನ್ನುತ್ತಿದ್ದರು. ಹುಮನಾಬಾದಿನಲ್ಲಿ ನಮ್ಮ ಮನೆಯ ಹಿಂದೆ ಅವರ ಮನೆ. ಗಂಡ ಪೇಂಟರ್, ಮಕ್ಕಳಿರಲಿಲ್ಲ. ಹೈದರಾಬಾದಿನಿಂದ ಸೊಲ್ಲಾಪುರಕ್ಕೆ ಹೋಗುವ ರಸ್ತೆ ನಮ್ಮೂರಿನ ಮೇಲೆಯೇ ಹೋಗುತ್ತದೆ. ಅದಕ್ಕಾಗಿಯೇ ಕಂಪನಿಗಳ ಕಣ್ಣು ನಮ್ಮೂರಿನ ಗೋಡೆಗಳ ಮೇಲೆ ಬಿತ್ತು. ಅದಕ್ಕೂ ಮೊದಲು ಏನಾದರೂ ಮಾರಾಟಕ್ಕೆ ಬಂದರೆ ಡಂಗುರ ಹೊಡೆಯುತ್ತಿದ್ದರು. ಹೊಡೆದವನು ಮುಂದಿನ ಓಣಿಗೆ ಹೋದರೆ ಮಾತು ಮುಗಿಯಿತು. ಗೋಡೆಗೆ ಬರೆದ ಮಾತು ಮಾತ್ರ ಬಿಸಿಲು ಮಳೆಯೆನ್ನದೆ ನಿಂತಲ್ಲೇ ನಿಂತು ಹೇಳುತ್ತಿತ್ತು. ಚಹಾ, ಬೀಡಿ, ಸಾಬೂನು, ಹೊಟ್ಟೆನೋವಿನ ಔಷಧ ಎಲ್ಲವೂ ಹಾಗೆ ಗೋಡೆಯ ಮೇಲಿನಿಂದಲೇ ನಮ್ಮ ಅಡುಗೆಮನೆಗಳಿಗೆ ಬಂದವು.

ನಮ್ಮ ಮನೆ ರಸ್ತೆಯ ತಿರುವಿನಲ್ಲಿತ್ತು. ಮುಂದೆ ಅಪ್ಪನ ಕಿರಾಣಿ ಅಂಗಡಿ, ಪಕ್ಕಕ್ಕೆ ಕಿಟಕಿಯಿಲ್ಲದ ದೊಡ್ಡ ಗೋಡೆ. ನಿಜಾಮರ ರಾಜ್ಯ ಇನ್ನೂ ಇದ್ದಾಗ ಚಹಾ ಕಂಪನಿಯ ಏಜೆಂಟನೊಬ್ಬ ಸೊಲ್ಲಾಪುರದಿಂದ ಬಂದು ಆ ಗೋಡೆಯನ್ನು ದಿಟ್ಟಿಸಿ ನೋಡಿ, ಅಪ್ಪನನ್ನು ಒಪ್ಪಿಸಿ ಹೋದ. ಖಾಲಾ ಅವರ ಗಂಡ ಅದರ ಮೇಲೆ ಒಂದು ದೊಡ್ಡ ಕಪ್ಪು-ಬಸಿ, ಅದರಿಂದ ಏಳುವ ಹಬೆ, ಕೆಳಗೆ ಉರ್ದು ಅಕ್ಷರ ಬರೆದರು. ಎತ್ತರದ ಮನುಷ್ಯ, ಮೃದು ಮಾತು. ಗೋಡೆಯಿಂದ ಹಿಂದೆ ಸರಿದು ಸರಿದು ರಸ್ತೆಯ ಆಚೆ ದಂಡೆಗೆ ಹೋಗಿ ನಿಂತು ನೋಡುತ್ತಿದ್ದರು. "ಓಡೋ ಮೋಟರ್‌ನಾಗ ಕುಂತಾಂವಗ ಓದಾಕ ಬರಬೇಕ್ರಿ. ನಿಂತು ಓದಾಂವ ಹ್ಯಾಂಗೂ ಓದ್ತಾನ" ಎನ್ನುತ್ತಿದ್ದರು.

ಅಂಗಡಿಗಳ ತಗಡಿನ ಬೋರ್ಡುಗಳನ್ನು ಅವರು ಮನೆಯಲ್ಲೇ ಮಾಡುತ್ತಿದ್ದರು. ಅಕ್ಷರದ ಅಂಚು ಗಂಡನದು, ಒಳಗೆ ಬಣ್ಣ ತುಂಬುವುದು ಖಾಲಾ ಅವರ ಕೆಲಸ. ಊರಿನ ಅರ್ಧ ಅಕ್ಷರಗಳು ಅವರ ಕೈಯಲ್ಲಿ ತುಂಬಿದವು. ಆದರೆ ಅವರು ಎಂದೂ ಬುರ್ಖಾ ಇಲ್ಲದೆ ರಸ್ತೆಗೆ ಬಂದವರಲ್ಲ. ತಾವು ತುಂಬಿದ ಬೋರ್ಡು ಅಂಗಡಿಯ ಮೇಲೆ ಹೇಗೆ ಕಾಣುತ್ತದೆಂದು ಬುರ್ಖಾದ ಜಾಲರಿಯ ಒಳಗಿಂದಲೇ ನೋಡಿದವರು.

ನನಗಾಗ ಹತ್ತೊಂಬತ್ತರ ಆಸುಪಾಸು. ಕೊಡಂಬಲಕ್ಕೆ ಕೊಟ್ಟಿದ್ದರು. ಗಂಡ ಜ್ವರದಲ್ಲಿ ತೀರಿಕೊಂಡ ಮೇಲೆ ತವರಿಗೆ ಬಂದು ಒಂದು ಮೂಲೆ ಹಿಡಿದಿದ್ದೆ. ಕರೆದರೆ ಏಳುತ್ತಿದ್ದೆ, ಕೊಟ್ಟರೆ ಉಣ್ಣುತ್ತಿದ್ದೆ. ಬಂದ ಹೆಂಗಸರೆಲ್ಲ ನನ್ನ ಹಣೆಬರಹದ ಬಗ್ಗೆ ಮಾತಾಡಿ ಹೋಗುತ್ತಿದ್ದರು. ಖಾಲಾ ಮಾತ್ರ ಹಿತ್ತಲಿನ ಬಾಗಿಲಿನಿಂದ ಬಂದು, ನನ್ನ ಪಕ್ಕದಲ್ಲಿ ಸುಮ್ಮನೆ ಕುಳಿತು, ತಮ್ಮ ಜೊತೆ ತಂದ ಬಣ್ಣದ ಪುಡಿಯನ್ನು ಕಲ್ಲಿನ ಮೇಲೆ ಅರೆಯುತ್ತಿದ್ದರು. ಒಂದು ದಿನ ಗುಂಡುಕಲ್ಲನ್ನು ನನ್ನ ಕಡೆಗೆ ಸರಿಸಿದರು. ನಾನು ಅರೆದೆ. ಅಷ್ಟೆ.

ಆಮೇಲೆ ಗದ್ಲದ ವರ್ಷ ಬಂತು. ನಿಜಾಮರ ಪರದ ರಜಾಕಾರರು ಹಿಂದೂಗಳನ್ನು ಹೆದರಿಸುತ್ತ ಊರೂರು ತಿರುಗುತ್ತಿದ್ದಾಗ ಖಾಲಾ ಅವರ ಗಂಡ ನಮ್ಮ ಅಂಗಡಿಯ ಕಟ್ಟೆಯ ಮೇಲೆ ಬೀಡಿ ಸೇದುತ್ತ ಕುಳಿತುಬಿಡುತ್ತಿದ್ದರು, ಬಂದವರು ಅವರ ಜೊತೆ ಎರಡು ಮಾತಾಡಿ ಮುಂದಕ್ಕೆ ಹೋಗುತ್ತಿದ್ದರು. ಇಂಡಿಯಾದ ಸೈನ್ಯ ಬಂದು ನಿಜಾಮರ ರಾಜ್ಯ ಮುಗಿದ ಮೇಲೆ ಹಗೆ ಮುಸಲ್ಮಾನರ ಕಡೆ ತಿರುಗಿತು. ಆಗ ಖಾಲಾ ನಮ್ಮ ಅಡುಗೆಮನೆಯ ಹಿಂದಿನ ಜೋಳದ ಕೋಣೆಯಲ್ಲಿ ಅಡಗಿ ಕುಳಿತರು. ಅವರ ಗಂಡ ಊರಲ್ಲಿರಲಿಲ್ಲ. ಸೈನ್ಯ ಬರುವ ಮುಂಚೆಯೇ ಕಲ್ಯಾಣಿಗೆ, ಈಗ ಬಸವಕಲ್ಯಾಣ ಎನ್ನುತ್ತೇವಲ್ಲ, ಅಲ್ಲಿಗೆ ಒಂದು ಬೀಡಿ ಕಂಪನಿಯ ಗೋಡೆ ಬರೆಯಲು ಹೋಗಿದ್ದರು.

ಅವರು ಇನ್ನಿಲ್ಲ, ಕೊಂದರು ಎಂದು ಕಲ್ಯಾಣಿಯ ಹತ್ತಿರದ ಮೋರಖಂಡಿಯಿಂದ ಬಂದ ಬಂಡಿಯವನೊಬ್ಬ ಅಪ್ಪನಿಗೆ ಹೇಳಿದ. ಅಪ್ಪ ಜೋಳದ ಕೋಣೆಯ ಬಾಗಿಲಲ್ಲಿ ನಿಂತು ಹೇಳಿದರು. ಖಾಲಾ ಆಗ ಜೋಳ ಹಸನು ಮಾಡುತ್ತಿದ್ದರು. ಮೊರ ಕೆಳಗಿಟ್ಟರು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಎತ್ತಿಕೊಂಡರು. ಅವ್ವ ಅವರನ್ನು ಹಿಡಿದುಕೊಂಡು ಅತ್ತಳು. ಖಾಲಾ ಅವ್ವನ ಬೆನ್ನು ಸವರಿದರು. ಅವರ ಕಣ್ಣಲ್ಲಿ ನೀರು ಬಂದದ್ದನ್ನು ನಾನು ಆ ದಿನವೂ ನೋಡಲಿಲ್ಲ, ಮುಂದೆಯೂ ನೋಡಲಿಲ್ಲ. ನನಗೆ ಅದು ವಿಚಿತ್ರ ಅನಿಸಲಿಲ್ಲ. ನಾನೂ ಅತ್ತಿರಲಿಲ್ಲ.

ಗದ್ಲ ತಣ್ಣಗಾದ ಮೇಲೆ ಅವರು ತಮ್ಮ ಮನೆಗೆ ಹೋದರು. ದಿನಗಳು ಹೋದವು, ಹೇಗೆಂದು ಕೇಳಿದರೆ ಹೇಳಲಾರೆ. ಮರುವರ್ಷ ಚಹಾ ಕಂಪನಿಯ ಏಜೆಂಟ ಮತ್ತೆ ಬಂದ. ಉರ್ದು ಹೋಗಿ ಕನ್ನಡ ಬರಬೇಕು, ಗೋಡೆಗೆ ಸುಣ್ಣ ಬಳಿದು ಹೊಸದಾಗಿ ಬರೆಸಬೇಕು ಎಂದ. ಪೇಂಟರ್ ಎಲ್ಲಿ ಎಂದು ಕೇಳಿದ. ಅಪ್ಪ ಹೇಳಿದರು. ಆತ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಹಾಗಾದರೆ ಸೊಲ್ಲಾಪುರದಿಂದಲೇ ಯಾರನ್ನಾದರೂ ಕಳಿಸುತ್ತೇನೆ ಎಂದು ಎದ್ದ.

ಹಿತ್ತಲಿನ ಬಾಗಿಲಲ್ಲಿ ಖಾಲಾ ನಿಂತಿದ್ದರು. "ಕಳಸಬ್ಯಾಡ್ರಿ. ನಾ ಬರೀತೀನಿ" ಎಂದರು.

"ನಿಮಗ ಕನ್ನಡ ಬರ್ತದೇನವಾ?" ಅಪ್ಪ ಕೇಳಿದರು.

"ನನಗ ಉರ್ದೂನೂ ಬರಲ್ರಿ ಅಣ್ಣಾ. ಅವರು ಗೆರಿ ಹಾಕ್ತಿದ್ರು, ನಾ ತುಂಬ್ತಿದ್ದೆ. ಈಗ ಬೇಟಿ ಹಾಕಲಿ" ಎಂದು ನನ್ನ ಕಡೆ ನೋಡಿದರು.

ನಮ್ಮ ಶಾಲೆಗಳಲ್ಲಿ ಆಗ ಉರ್ದು. ನನಗೆ ಕನ್ನಡ ಬಂದದ್ದು ಅಜ್ಜ ಮನೆಯಲ್ಲೇ ತಿದ್ದಿಸಿದ್ದರಿಂದ. ಬೀದಿಯ ಗೋಡೆಯ ಮೇಲೆ ಗಂಡ ಸತ್ತ ಮಗಳ ಬರಹ ಯಾಕೆ ಬೇಕು ಎಂದು ಅವ್ವ ಒಳಗಿನಿಂದಲೇ ಅಂದಳು. ಅಪ್ಪ ಅಂಗಡಿಯಿಂದ ಒಂದು ಇದ್ದಿಲು ತಂದು ನನ್ನ ಕೈಗಿಟ್ಟರು.

'ಬಿಸಿ ಚಹಾ ಕುಡಿಯಿರಿ, ದಣಿವು ಮರೆಯಿರಿ.' ಪಡಸಾಲೆಯ ನೆಲದ ಮೇಲೆ ನಾನು ದೊಡ್ಡದಾಗಿ ಬರೆದೆ. ಖಾಲಾ ಅಕ್ಷರಗಳ ಸುತ್ತ ನಡೆದಾಡಿ ನೋಡಿದರು. "ಎಲ್ಲಾರೂ ತಲಿಮ್ಯಾಲ ಸೆರಗ ಹೊತ್ಕೊಂಡಾರಲ್ಲ" ಎಂದರು, ತಲೆಕಟ್ಟನ್ನು ತೋರಿಸಿ. ಗಂಡ ಹೋದ ಮೇಲೆ ನಾನು ಅವರ ಬಾಯಿಂದ ಕೇಳಿದ ಮೊದಲ ಹಗುರಾದ ಮಾತು ಅದು.

ಹಳೆಯ ಚಿತ್ರದ ಮೇಲೆ ಸುಣ್ಣ ಬಳಿಯಲು ಅಪ್ಪ ಆಳು ಕರೆಸಿದ್ದರು. ಖಾಲಾ ಅವನ ಕೈಯಿಂದ ಕುಂಚ ಇಸಿದುಕೊಂಡರು. ಬುರ್ಖಾ ತೆಗೆದು ಮಡಿಚಿ ನನ್ನ ತೋಳಿನ ಮೇಲೆ ಹಾಕಿದರು, ಸೆರಗನ್ನು ತಲೆಯಿಂದ ಎಳೆದು ಸೊಂಟಕ್ಕೆ ಸಿಗಿಸಿ ಏಣಿ ಹತ್ತಿದರು. ಹಬೆ ಮೊದಲು ಹೋಯಿತು, ಆಮೇಲೆ ಕಪ್ಪು, ಬಸಿ, ಕೊನೆಗೆ ಉರ್ದು ಅಕ್ಷರ. ಒಂದೇ ಸಮನೆ ಕೈ ಹೋಗಿ ಬರುತ್ತಿತ್ತು. ಗಂಡನ ಕೈಬರಹ ಒರೆಸುತ್ತಿದ್ದೇನೆ ಎಂಬುದು ಮುಖದಲ್ಲಿ ಎಲ್ಲೂ ಇರಲಿಲ್ಲ. ಒಂದೇ ಸಲಕ್ಕೆ ಮುಚ್ಚಲಿಲ್ಲ, ಅಕ್ಷರ ಸುಣ್ಣದೊಳಗಿಂದ ಕಾಣುತ್ತಿತ್ತು. ಮರುದಿನ ಇನ್ನೊಂದು ಸಲ ಬಳಿದರು.

ಅವರ ಬಳಗದ ಹಿರಿಯರೊಬ್ಬರು ಬಂದು ಏಣಿಯ ಕೆಳಗೆ ನಿಂತು, ಹೀಗೆ ಬೀದಿಯಲ್ಲಿ ನಿಲ್ಲುವುದು ಸರಿಯಲ್ಲ ಎಂದು ಹೇಳಿದರು. ಕೆಟ್ಟವರಲ್ಲ, ಮೆಲ್ಲಗೆ ಹೇಳಿದರು. ಖಾಲಾ ಮೇಲಿನಿಂದಲೇ, "ಬ್ಯಾಡ ಅನ್ನಾವರು ಒಬ್ಬರೇ ಇದ್ರು, ಚಾಚಾ. ಅವರಿಲ್ಲ" ಎಂದರು. ಹಿರಿಯರು ಹೋಗುವಾಗ ಏಣಿ ಅಲುಗದ ಹಾಗೆ ಅದರ ಬುಡಕ್ಕೆ ಒಂದು ಕಲ್ಲು ಸರಿಸಿ ಹೋದರು.

ಖಾಲಾ ಬಲಗಡೆಯಿಂದ ಬರೆಯತೊಡಗಿದರು. ಗಂಡ ಉರ್ದುವನ್ನು ಹಾಗೆಯೇ ಬರೆಯುತ್ತಿದ್ದರಲ್ಲ. ಮೊದಲು ಗೋಡೆಯ ಕೊನೆಯಲ್ಲಿ ಒಂದು 'ರಿ' ಮೂಡಿತು. ಅದರ ಹಿಂದೆ 'ಯಿ'. ಸಂಜೆಯ ಹೊತ್ತಿಗೆ ಮಂದಿ ನಿಂತು ನೋಡುತ್ತಿದ್ದರು. "ಬರೇ ರಿ ಬರದಾರಲ್ಲ, ಯಾರಿಗೆ ರಿ ಅನ್ನಾಕತ್ತಾರ?" ಎಂದು ಒಬ್ಬ ನಕ್ಕ. ನಾನು ತಿದ್ದಲು ಹೋದೆ. ಅಪ್ಪ ತಡೆದರು. "ಎತ್ತಾಗಿಂದ ಬರದ್ರೇನು? ಮುಗದ ಮ್ಯಾಲ ಓದಾವರು ಸರಿಯಾಗೇ ಓದ್ತಾರ." ಸಾಲು ಹಿಂದಿನಿಂದ ಮುಂದಕ್ಕೆ ಬೆಳೆದು, ಕೊನೆಯ ದಿನ 'ಬಿ'ಗೆ ಬಂದು ನಿಂತಿತು. ಒಂದು ಅಕ್ಷರವೂ ಎಡವಿರಲಿಲ್ಲ. ಖಾಲಾ ರಸ್ತೆ ದಾಟಿ ಆಚೆ ದಂಡೆಗೆ ಹೋಗಿ ನೋಡಿದರು. ಬಸ್ಸೊಂದು ಹೋಯಿತು. ಅದರ ಕಿಟಕಿಯಲ್ಲಿದ್ದವರ ಮುಖ ಗೋಡೆಯ ಕಡೆ ತಿರುಗುವುದನ್ನು ನೋಡಿಕೊಂಡು ತಿರುಗಿ ಬಂದರು.

ಏಜೆಂಟನಿಗೆ ಸಂತೋಷವಾಯಿತು. ಬೇರೆ ಕಂಪನಿಯವರಿಗೂ ಹೇಳಿದ. ಹೀಗೆ ಸಾಬೂನು ಬಂತು, ಔಷಧ ಬಂತು. ನಾನು ನೆಲದ ಮೇಲೆ ಬರೆಯುವುದು, ಅವರು ಗೋಡೆಗೆ ಎತ್ತುವುದು. ಕೆಲಸ ಮುಗಿದು ಕೈ ತೊಳೆಯುವಾಗ ಹಸಿವಾಗುತ್ತಿತ್ತು. ಹಸಿವು ಎಂಬುದು ಹೀಗಿರುತ್ತದೆ ಎಂದು ನನಗೆ ಮರೆತೇಹೋಗಿತ್ತು.

ಆಮೇಲೆ ಬೀಡಿ ಕಂಪನಿಯವರು ಕಲ್ಯಾಣಿಯ ಗೋಡೆಯ ಮಾತು ತೆಗೆದರು. ಅರ್ಧಕ್ಕೆ ನಿಂತಿದೆ, ಸುಣ್ಣ ಬಳಿದು ಕನ್ನಡದಲ್ಲಿ ಬರೆದುಕೊಡಿ ಎಂದರು. ಬೇಡ ಎನ್ನಿ ಎಂದು ಅಪ್ಪ ಖಾಲಾಗೆ ಹೇಳಿದರು. "ಅರ್ಧಾ ಬಿಟ್ಟ ಕೆಲಸ ಅಣ್ಣಾ. ಹೋಗ್ತೀನಿ" ಎಂದರು.

ಮೂವರೂ ಬಸ್ಸಿನಲ್ಲಿ ಹೋದೆವು. ಕೋಟೆಯ ಹಾದಿಯಲ್ಲಿ ಒಂದು ತಾಮ್ರದ ಪಾತ್ರೆಯ ಅಂಗಡಿ, ಅದರ ಪಕ್ಕದ ಗೋಡೆ. ರುಮಾಲು ಸುತ್ತಿದ ಒಬ್ಬ ಗಂಡಸಿನ ಮುಖ. ರುಮಾಲಿಗೆ ಬಣ್ಣ ಬಂದಿತ್ತು, ಹಣೆಗೆ ಬಂದಿತ್ತು, ಒಂದು ಕಣ್ಣಿಗೆ ಬಂದಿತ್ತು. ಉಳಿದದ್ದು ಬರೀ ಇದ್ದಿಲಿನ ಗೆರೆ, ಅದೂ ಒಂದು ಮಳೆಗಾಲ ಕಂಡು ಮಸುಕಾಗಿತ್ತು. ವರ್ಷಕ್ಕೂ ಮೇಲೆ ಆ ಮುಖ ಹಾಗೆಯೇ ಒಂದೇ ಕಣ್ಣಲ್ಲಿ ಬಜಾರು ನೋಡುತ್ತ ನಿಂತಿತ್ತು.

ಅಂಗಡಿಯವನು ಹೊರಗೆ ಬಂದ. ನಡುವಯಸ್ಸಿನ ಮನುಷ್ಯ. ನಾವು ಯಾರೆಂದು ಅಪ್ಪ ಹೇಳಿದರು. ಅವನು ತಲೆ ಬಗ್ಗಿಸಿ ಒಳಗೆ ಹೋಗಿ ಒಂದು ಚೊಂಬು ನೀರು ತಂದ. ಸುತ್ತಲಿನ ಅಂಗಡಿಗಳಲ್ಲಿ ಮಾತು ನಿಂತಿತ್ತು. ಪಾತ್ರೆ ಬಡಿಯುವ ಸದ್ದೂ ನಿಂತಿತ್ತು. ಈಕೆ ಏನು ಕೇಳುತ್ತಾಳೋ ಎಂದು ಎಲ್ಲರೂ ಕಾಯುತ್ತಿದ್ದರು. ಯಾರು ಎಂದು ಕೇಳಿದರೆ ಹೇಳಬಲ್ಲವರು ಅಲ್ಲಿ ಇದ್ದರು. ಅದು ನನಗೆ ಗೊತ್ತಾಯಿತು, ಖಾಲಾ ಅವರಿಗೂ ಗೊತ್ತಾಗಿರಬೇಕು.

ಅವರು ನೀರು ಕುಡಿದು ಚೊಂಬು ಕೊಟ್ಟರು. "ಅವತ್ತ ಅವರು ಉಂಡಿದ್ರೇನ್ರಿ?" ಎಂದು ಕೇಳಿದರು.

ಅಂಗಡಿಯವನು ಚೊಂಬನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತ. "ಹೌದ್ರಿ ಬಾಯಿ. ನಮ್ಮ ಮನೀದೇ. ರೊಟ್ಟಿ, ಪುಂಡಿಪಲ್ಯ."

"ಪುಂಡಿಪಲ್ಯ ಇದ್ರ ಒಂದ ರೊಟ್ಟಿ ಜಾಸ್ತಿ ಹಿಡೀತಿತ್ತು ಅವರಿಗೆ."

"ಹೌದ್ರಿ. ಕೇಳಿ ಹಾಕಿಸ್ಕೊಂಡ್ರು."

ಖಾಲಾ ತಲೆಯಾಡಿಸಿ ಏಣಿ ಹತ್ತಿದರು. ಅವನು ಹೇಳಿದ್ದು ನಿಜವೋ, ಆ ಗಳಿಗೆಗೆ ಹೊಳೆದದ್ದೋ, ನನಗೆ ಇಂದಿಗೂ ಗೊತ್ತಿಲ್ಲ. ಅವನು ಅಪ್ಪನನ್ನು ಅಂಗಡಿಯ ಹಿಂದಕ್ಕೆ ಕರೆದುಕೊಂಡು ಹೋಗಿ ಬಹಳ ಹೊತ್ತು ಏನೋ ಹೇಳಿದ. ಅಪ್ಪ ಅದನ್ನು ಸಾಯುವತನಕ ನಮಗೆ ಹೇಳಲಿಲ್ಲ.

ಕಂಪನಿಯವರು ಪೂರ್ತಿ ಸುಣ್ಣ ಬಳಿಯಿರಿ ಎಂದಿದ್ದರು. ಖಾಲಾ ಮುಖಕ್ಕೆ ಸುಣ್ಣ ಬಳಿಯಲಿಲ್ಲ. ಮಾಸಿದ ಗೆರೆಯನ್ನು ಹುಡುಕಿ ಹುಡುಕಿ ಇನ್ನೊಂದು ಕಣ್ಣು ಬರೆದರು, ಮೂಗು ಬರೆದರು, ಮೀಸೆ, ಬಾಯಿ, ಬೀಡಿ ಬರೆದರು. ಅಕ್ಷರ ತುಂಬಿ ರೂಢಿಯಿದ್ದ ಕೈ, ಮುಖ ಬರೆದ ಕೈಯಲ್ಲ. ಅವರು ಬರೆದ ಕಣ್ಣು ಗಂಡ ಬರೆದ ಕಣ್ಣಿಗಿಂತ ಒಂದಿಷ್ಟು ಕೆಳಗೆ ಬಂತು. ಹೇಳಿದೆ. "ಇರ್ಲಿ ಬಿಡು ಬೇಟಿ. ನೋಡಾಕ ಎರಡಾದ್ವು" ಎಂದರು. ಕೆಳಗೆ ಕನ್ನಡದಲ್ಲಿ ಸಾಲು ಬರೆದು ಮುಗಿಸುವಾಗ ಕೊನೆಯ ಬಸ್ಸಿನ ಹೊತ್ತಾಗಿತ್ತು. ಬಸ್ಸಿನಲ್ಲಿ ನನ್ನ ಭುಜಕ್ಕೆ ತಲೆಯೊರಗಿಸಿ ಹುಮನಾಬಾದಿನತನಕ ನಿದ್ದೆ ಮಾಡಿದರು.

ಆ ಕೆಲಸವೂ ಬಹಳ ಕಾಲ ಉಳಿಯಲಿಲ್ಲ. ಮುಂಬಯಿಯಿಂದ ಅಚ್ಚಾದ ತಗಡಿನ ಬೋರ್ಡುಗಳು ಬಂದವು. ಕನ್ನಡಿಯಂಥ ಹೊಳಪು, ಮಳೆಗೆ ಮಾಸುವುದಿಲ್ಲ, ಎಲ್ಲ ಊರಲ್ಲೂ ಒಂದೇ ಮುಖ, ಒಂದೇ ಕಪ್ಪು. ಅವಕ್ಕೆ ಕುಂಚ ಬೇಕಿರಲಿಲ್ಲ, ನಾಲ್ಕು ಮೊಳೆ ಸಾಕಾಗಿತ್ತು. ಕಲ್ಯಾಣಿಯ ಮುಖದ ಮೇಲೂ ಒಂದು ತಗಡು ಕೂತಿತೆಂದು ಕೇಳಿದೆ. ಖಾಲಾಗೆ ಹೇಳಿದೆ. "ಹೌದಾ" ಎಂದರು. ಹೈದರಾಬಾದಿನಲ್ಲಿದ್ದ ಅವರ ತಮ್ಮ ಬಂದು ಕರೆದ. ಹೋದರು. ಹೋಗುವ ದಿನ ನನ್ನ ಗದ್ದ ಹಿಡಿದು, "ಮೂಲ್ಯಾಗ ಕೂಡಬ್ಯಾಡ" ಎಂದಷ್ಟೇ ಹೇಳಿ ಬಸ್ಸು ಹತ್ತಿದರು.

ಅದೇ ವರ್ಷ ಊರಲ್ಲಿ ಹೆಣ್ಣುಮಕ್ಕಳಿಗೆ ಕನ್ನಡ ಶಾಲೆ ತೆರೆಯಲು ಒಬ್ಬ ಅಧಿಕಾರಿ ಬಂದರು. ಕಲಿಸಲು ಕನ್ನಡ ಬಲ್ಲ ಹೆಂಗಸು ಸಿಗದೆ ತಿರುಗಿ ಹೋಗುವವರಿದ್ದರು. ಬಸ್ಸಿಗೆ ಕಾಯುತ್ತ ನಮ್ಮ ಗೋಡೆ ಓದಿ, ಇದನ್ನು ಬರೆದವರು ಯಾರು ಎಂದು ಅಪ್ಪನನ್ನು ಕೇಳಿದರು. ಬಣ್ಣ ಹಚ್ಚಿದವರು ಊರು ಬಿಟ್ಟರು, ಅಕ್ಷರ ನನ್ನ ಮಗಳದು ಎಂದು ಅಪ್ಪ ಹೇಳಿದರು. ನಾನು ಮಾಸ್ತರಿಣಿಯಾದೆ. ನನ್ನ ತಮ್ಮನ ಮಕ್ಕಳನ್ನು ಓದಿಸಿದೆ, ಅಪ್ಪ ಅವ್ವನನ್ನು ಕೊನೆಯತನಕ ನೋಡಿಕೊಂಡೆ. ಆ ಅನ್ನ ಖಾಲಾ ಕೊಟ್ಟದ್ದು.

ಎಷ್ಟೋ ವರ್ಷಗಳಾದ ಮೇಲೆ ಒಂದು ಮಧ್ಯಾಹ್ನ ಶಾಲೆಯ ಬಾಗಿಲಿಗೆ ಒಬ್ಬ ಯುವಕ ಬಂದ. ಸೊಲ್ಲಾಪುರಕ್ಕೆ ಹೊರಟಿದ್ದ, ಬಸ್ಸು ನಿಂತಿತ್ತು. ಖಾಲಾ ಅವರ ತಮ್ಮನ ಮಗ. ಅತ್ತೆ ರಮಜಾನ್ ಮುಗಿದ ಮೇಲೆ ತೀರಿಕೊಂಡರು, ಹುಮನಾಬಾದಿನಲ್ಲಿ ಇಳಿದು ನಿಮಗೆ ಹೇಳಲೇಬೇಕೆಂದು ಮಾತು ತೆಗೆದುಕೊಂಡಿದ್ದರು ಎಂದ. ನಾನು ಹೂಂ ಎಂದೆ. ಅವನು ಇನ್ನೂ ನಿಂತೇ ಇದ್ದ. "ಅವರು ನಿಮಗ ಏನಾಗಬೇಕ್ರಿ?" ಎಂದು ಕೇಳಿದ.

"ಅವರ ಋಣದಾಗ ಇದ್ದೇನಪಾ" ಎಂದೆ.

ಅವನಿಗೆ ಏನು ತಿಳಿಯಿತೋ, ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿದ. ಬಸ್ಸು ಹಾರ್ನ್ ಹೊಡೆಯಿತು. ಅವನು ಓಡಿದ. ಹುಡುಗಿಯರು ಪಾಟಿ ಹಿಡಿದು ಬಾಗಿಲ ಕಡೆ ನೋಡುತ್ತ ಕುಳಿತಿದ್ದರು. ನಾನು ಒಳಗೆ ಹೋದೆ.