ಅಕ್ಕನ ಮನೆ ನನ್ನ ನಕ್ಷೆಯಲ್ಲಿರಲಿಲ್ಲ

ಗೆಳೆಯರೇ, ಇವತ್ತು ಜಯನಗರದ ಸಭೆಯೊಂದರಲ್ಲಿ ಮಾತಾಡಿ ಬಂದೆ. ಇಷ್ಟು ದೊಡ್ಡ ನಗರದಲ್ಲಿ ಜನ ಎಲ್ಲೆಲ್ಲಿ ಒತ್ತಾಗಿ ನೆಲೆಸಿದ್ದಾರೆ ಎಂದು ಅಳೆಯುವುದು ನನ್ನ ಕೆಲಸ. ಪರದೆಯ ನಕ್ಷೆಯಲ್ಲಿ ಜನ ಹೆಚ್ಚಿರುವ ಕಡೆಯೆಲ್ಲ ಕೆಂಪು, ದಕ್ಷಿಣದ ತುದಿ ಮಾತ್ರ ಬಿಳಿ. "ಅಂಜನಾಪುರದ ಕಡೆ ಲೆಕ್ಕಕ್ಕೆ ಬರೋರು ಯಾರೂ ಇಲ್ಲ, ನಾಯಿಗಳನ್ನ ಬಿಟ್ಟು" ಎಂದೆ. ಎಲ್ಲರೂ ನಕ್ಕರು.

ಆಗಲೇ ಹಿಂದಿನ ಸಾಲಿನಲ್ಲಿ ಅಕ್ಕ ಕಂಡಳು. ಅವಳ ಮನೆ ಅಂಜನಾಪುರದಲ್ಲಿ. ನನ್ನ ಮಾತು ಕೇಳಲೆಂದೇ ರೇಷ್ಮೆ ಸೀರೆ ಉಟ್ಟು, ನನಗೆ ಹೇಳದೆ ಬಂದಿದ್ದಳು.

ಸಭೆ ಮುಗಿದ ಮೇಲೆ ಪಕ್ಕದವರಿಗೆ "ಇವಳು ನನ್ನ ತಂಗಿ" ಎಂದು ಹೆಮ್ಮೆಯಿಂದ ತೋರಿಸಿದಳು.

"ನಿಮ್ಮನೆ ಎಲ್ಲಿ ಮೇಡಂ?" ಎಂದು ಅವರು ಕೇಳಿದರು.

ಅಕ್ಕ ಸೆರಗು ಸರಿಮಾಡಿಕೊಳ್ಳುತ್ತ, "ಇಲ್ಲೇ, ಜೆ.ಪಿ. ನಗರದ ಹತ್ರ" ಎಂದಳು.

ನನಗೆ ನೆಲ ನೋಡುವಂತಾಯಿತು. ಕಾರಿನಲ್ಲಿ ಬಿಡುತ್ತೇನೆಂದು ಕರೆದುಕೊಂಡು ಹೊರಟೆ. ಗೃಹಪ್ರವೇಶದ ನಂತರ ಅತ್ತ ಹೋಗದ ನನಗೆ ದಾರಿಯೂ ನೆನಪಿರಲಿಲ್ಲ. ಫೋನಿನಲ್ಲಿ ಮ್ಯಾಪ್ ತೆರೆದೆ.

"ಅದ್ರಲ್ಲಾದ್ರೂ ನಮ್ಮನೆ ಇದ್ಯಾ ನೋಡೇ" ಎಂದಳು ಅಕ್ಕ.

ಮನೆ ತಲುಪಿದಾಗ "ಊಟ ಮಾಡ್ಕೊಂಡು ಹೋಗು" ಎಂದಳು. ಬೇಡ ಎನ್ನಲು ಮುಖವಿರಲಿಲ್ಲ. ನನಗೆ ಸೇರದ ಹಾಗಲಕಾಯಿ ಗೊಜ್ಜನ್ನೂ ಎರಡು ಸಲ ಹಾಕಿಸಿಕೊಂಡೆ.